ಸರ್ವಯಂತ್ರಗಳಿಗೊಬ್ಬ ದುಭಾಷಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ನಡುವೆ ದೊರೆಯುವ ಊರು ಮಸ್ಕಿ. ಅಲ್ಲಿಯ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯು ಬರೆಯಿಸಿದ ಶಾಸನವಿರುವ ಸಂಗತಿ ವಾಚಕರಿಗೆ ತಿಳಿದೇ ಇದೆ. ೧೯೧೫ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಅದು ಬಿದ್ದಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇದ್ದು, ಆ ಬಿರುದಿನೊಡನೆ ಅಶೋಕನ ಹೆಸರು ಮೊದಲು ಕಂಡುಬಂದುದು ಮಸ್ಕಿಯಲ್ಲಿಯೇ.

ನಾವು ಸಿಂಧನೂರಿನ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಒಮ್ಮೆ ವಿದ್ಯಾರ್ಥಿಗಳೊಡನೆ ಆ ಬಂಡೆಯನ್ನು ನೋಡಲು ಹೋಗಿದ್ದೆವು. ಇದೇ ಅರಸನ ಮಾತುಗಳು ಇಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತದಲ್ಲಿಯೂ, ವಾಯವ್ಯ ಗಡಿಯಲ್ಲಿ ಖರೋಷ್ಠೀ ಲಿಪಿಯಲ್ಲಿಯೂ, ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿಯೂ ಕೆತ್ತಲ್ಪಟ್ಟಿವೆಯೆಂದು ಹೇಳಿದೆವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನೊಬ್ಬನು, ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯೆಂಬಂತೆ, “ಅರಸನಿಗೆ ಇಷ್ಟು ಭಾಷೆ ನಡೀತು ಸರ್. ಕಂಪ್ಯೂಟರಿಗೆ ಇಂಗ್ಲಿಷ್ ಒಂದೇ ಬರ್ತದೇನ್ರಿ?” ಎಂದು ಕೇಳಿದನು. ಮುಂದಿನ ವರ್ಷ ಗಣಕವಿಜ್ಞಾನವನ್ನು ಬಿಟ್ಟುಬಿಡಬೇಕೆಂದು ಆತನು ನಿಶ್ಚಯಿಸಿದ್ದನೆಂಬುದು ಆಮೇಲೆ ತಿಳಿಯಿತು. ತನ್ನ ಇಂಗ್ಲಿಷ್ ದುರ್ಬಲವಾದುದರಿಂದ ಯಂತ್ರವು ತನಗೆ ಒಲಿಯಲಾರದೆಂದು ಆತನ ನಂಬಿಕೆ.

ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಾಗಿತ್ತು. ಆದರೆ ಪೂರ್ಣವಾದ ಉತ್ತರವು ಸುಮಾರು ಎಪ್ಪತ್ತು ವರ್ಷಗಳ ಸಂಶೋಧನೆಯ ಕಥೆಯಾಗಿರುವುದು. ಅದನ್ನೇ ಇಲ್ಲಿ ಹೇಳಲು ಯತ್ನಿಸಿದ್ದೇವೆ.

ಯಂತ್ರವು ಬಲ್ಲ ಭಾಷೆ

ಕಂಪ್ಯೂಟರಿಗೆ ಇಂಗ್ಲಿಷ್ ಬಾರದು, ಕನ್ನಡವೂ ಬಾರದು. ಅದರೊಳಗೆ ಇರುವುದು ವಿದ್ಯುತ್ತಿನ ಎರಡು ಸ್ಥಿತಿಗಳು ಮಾತ್ರ. ಒಂದನ್ನು ಸೊನ್ನೆಯೆಂದೂ ಇನ್ನೊಂದನ್ನು ಒಂದೆಂದೂ ನಾವು ಕರೆಯುತ್ತೇವೆ. ಈ ಎರಡು ಅಂಕಗಳ ಸಾಲೊಂದು ‘ಕೂಡು’ ಎಂಬ ಆದೇಶವಾದರೆ, ಮತ್ತೊಂದು ಸಾಲು ‘ಇಂತಹ ಸ್ಥಾನದಲ್ಲಿರುವ ಸಂಖ್ಯೆಯನ್ನು ತೆಗೆದುಕೊ’ ಎಂಬ ಆದೇಶವಾಗುತ್ತದೆ. ಯಾವ ಸಾಲಿಗೆ ಯಾವ ಅರ್ಥವೆಂಬುದು ಯಂತ್ರವನ್ನು ಕಟ್ಟಿದವರ ಇಚ್ಛೆ. ಆದುದರಿಂದ ಒಂದು ಮಾದರಿಯ ಯಂತ್ರದ ಆದೇಶಗಳು ಮತ್ತೊಂದು ಮಾದರಿಯ ಯಂತ್ರಕ್ಕೆ ಅರ್ಥಹೀನ.

ಮೊದಮೊದಲು ವಿಜ್ಞಾನಿಗಳು ಈ ಅಂಕಗಳ ಭಾಷೆಯಲ್ಲಿಯೇ ಬರೆಯಬೇಕಾಗಿತ್ತು. ಪುಟದಷ್ಟು ಗಣಿತಕ್ಕೆ ನೂರಾರು ಸಾಲು ಆದೇಶ. ಒಂದು ಅಂಕ ತಪ್ಪಿದರೆ ಇಡೀ ಲೆಕ್ಕ ತಪ್ಪು. ಹೊಸ ಯಂತ್ರ ಬಂದರೆ ಹಳೆಯ ದುಡಿಮೆಯೆಲ್ಲ ವ್ಯರ್ಥ.

ದುಭಾಷಿಯ ಹುಟ್ಟು

ಈ ಬೇಸರದ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದು? ಮನುಷ್ಯನು ತನಗೆ ಸಹಜವಾದ ಗಣಿತದ ಬರಹದಲ್ಲಿ ಬರೆಯಲಿ. ಅದನ್ನು ಅಂಕಗಳ ಭಾಷೆಗೆ ತಿರುಗಿಸುವ ಹೊಣೆಯನ್ನು ಒಂದು ಕ್ರಮವಿಧಿಯೇ ಹೊರಲಿ. ಈ ಆಲೋಚನೆಯು ೧೯೫೦ರ ಸುಮಾರಿಗೆ ಹಲವು ಕಡೆ ಬೇರೆಬೇರೆಯಾಗಿ ಮೊಳೆಯಿತು. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ಕೊರಾಡೊ ಬ್ಯೋಮ್ ಎಂಬ ಇಟಲಿಯ ತರುಣನು ೧೯೫೧ರಲ್ಲಿ ಒಪ್ಪಿಸಿದ ಪ್ರೌಢಪ್ರಬಂಧದಲ್ಲಿ ಒಂದು ಭಾಷೆಯನ್ನು ರಚಿಸಿದುದಲ್ಲದೆ, ಅದರ ದುಭಾಷಿಯನ್ನು ಅದೇ ಭಾಷೆಯಲ್ಲಿ ವರ್ಣಿಸಿದನು. ಅದೇ ವಿದ್ಯಾಪೀಠದ ಹೈನ್ಸ್ ರುಟಿಸ್‌ಹೌಸರ್ ೧೯೫೨ರಲ್ಲಿ ಇಂಥದೇ ವಿಚಾರವನ್ನು ಪ್ರಕಟಿಸಿದನು. ಅದೇ ವರ್ಷ ಅಮೆರಿಕದಲ್ಲಿ ಗ್ರೇಸ್ ಹಾಪರ್ ಎಂಬ ಗಣಿತಜ್ಞೆಯು, ಸಿದ್ಧವಾಗಿರುವ ಚಿಕ್ಕಚಿಕ್ಕ ಕ್ರಮವಿಧಿಗಳನ್ನು ಭಂಡಾರದಿಂದ ಆರಿಸಿ ಜೋಡಿಸುವ ಏರ್ಪಾಡನ್ನು ಮಾಡಿದಳು. ಸಂಗ್ರಹಿಸಿ ಸಂಕಲಿಸುವ ಕಾರ್ಯವಾದುದರಿಂದ ಅದನ್ನು ‘ಕಂಪೈಲರ್’ ಎಂದು ಕರೆದಳು. ಇಂದು ಆ ಹೆಸರು ಭಾಷಾಂತರ ಮಾಡುವ ಕ್ರಮವಿಧಿಗೆ ರೂಢಿಯಾಗಿದೆ.

ಒಂದು ಸೂತ್ರದ ಪಯಣ

ಕಂಪೈಲರ್ ಮಾಡುವುದೇನು? ಪ್ರೌಢಶಾಲೆಯಲ್ಲಿ ಎಲ್ಲರೂ ಕಲಿತ ಒಂದು ಸೂತ್ರವನ್ನು ತೆಗೆದುಕೊಳ್ಳೋಣ:

ದೂರ = ಆರಂಭವೇಗ × ಕಾಲ + ವೇಗೋತ್ಕರ್ಷ × ಕಾಲ × ಕಾಲ ÷ ೨

ಮೊದಲು ಕಂಪೈಲರು ಅಕ್ಷರಗಳ ಸಾಲನ್ನು ಪದಗಳಾಗಿ ಬಿಡಿಸುತ್ತದೆ: ಇದು ಹೆಸರು, ಇದು ಗುಣಾಕಾರದ ಚಿಹ್ನೆ, ಇದು ಸಂಖ್ಯೆ ಎಂದು. ಎರಡನೆಯದಾಗಿ, ವ್ಯಾಕರಣದ ನಿಯಮಗಳನ್ನು ಹಿಡಿದು ಪದಗಳ ಸಂಬಂಧವನ್ನು ಗೊತ್ತುಮಾಡುತ್ತದೆ. ಗುಣಾಕಾರವು ಸಂಕಲನಕ್ಕಿಂತ ಮೊದಲು ನಡೆಯಬೇಕೆಂಬುದು ಇಲ್ಲಿ ನಿರ್ಧಾರವಾಗುತ್ತದೆ. ಮೂರನೆಯದಾಗಿ, ವಾಕ್ಯವನ್ನು ಒಂದೊಂದೇ ಕ್ರಿಯೆಯುಳ್ಳ ಹೆಜ್ಜೆಗಳಾಗಿ ಒಡೆಯುತ್ತದೆ:

ಮೊದಲನೆಯದು = ಆರಂಭವೇಗ × ಕಾಲ
ಎರಡನೆಯದು = ವೇಗೋತ್ಕರ್ಷ × ಕಾಲ
ಮೂರನೆಯದು = ಎರಡನೆಯದು × ಕಾಲ
ನಾಲ್ಕನೆಯದು = ಮೂರನೆಯದು ÷ ೨
ದೂರ = ಮೊದಲನೆಯದು + ನಾಲ್ಕನೆಯದು

ಆರಂಭವೇಗ ಸೆಕೆಂಡಿಗೆ ೪ ಮೀಟರ್, ವೇಗೋತ್ಕರ್ಷ ೨, ಕಾಲ ೫ ಸೆಕೆಂಡುಗಳಾದರೆ, ಈ ಹೆಜ್ಜೆಗಳಲ್ಲಿ ಕ್ರಮವಾಗಿ ೨೦, ೧೦, ೫೦, ೨೫ ದೊರೆತು, ಕಡೆಗೆ ೪೫ ಮೀಟರ್ ಬರುತ್ತದೆ. ಕೊನೆಯದಾಗಿ, ಈ ಹೆಜ್ಜೆಗಳನ್ನು ಇದಿರಿಗಿರುವ ಯಂತ್ರದ ಅಂಕಭಾಷೆಗೆ ತಿರುಗಿಸಿದರೆ ಕಾರ್ಯ ಮುಗಿಯಿತು.

ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಮಧ್ಯದ ಈ ಐದು ಹೆಜ್ಜೆಗಳಲ್ಲಿ ಮೂಲಭಾಷೆಯ ಚಹರೆ ಅಳಿಸಿಹೋಗಿದೆ. ಯಂತ್ರದ ಚಹರೆ ಇನ್ನೂ ಮೂಡಿಲ್ಲ. ಇದು ಎರಡಕ್ಕೂ ಸೇರದ ಮಧ್ಯಭಾಷೆ. ನಮ್ಮ ಕಥೆಯ ತಿರುಳು ಇಲ್ಲಿಯೇ ಇದೆ.

ವ್ಯಾಕರಣದ ನೆರವು

ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸನ ತಂಡವು ೧೯೫೪ರಲ್ಲಿ ಕೈಗೆತ್ತಿಕೊಂಡ ‘ಫೋರ್ಟ್ರಾನ್’ ೧೯೫೭ರಲ್ಲಿ ಬಳಕೆಗೆ ಬಂದಿತು. ಸೂತ್ರಗಳ ಭಾಷಾಂತರವೆಂದೇ ಆ ಹೆಸರಿನ ಅರ್ಥ. ಕೈಬರಹದ ಆದೇಶಗಳಷ್ಟು ಚುರುಕಾದುದನ್ನು ಯಂತ್ರವು ತಾನೇ ಬರೆಯಲಾರದೆಂದು ಶಂಕಿಸಿದ್ದ ನಿಪುಣರು ಅದನ್ನು ಕಂಡು ಸುಮ್ಮನಾದರು. ೧೯೬೩ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. ೧೬೨೦ ಯಂತ್ರವು ಬಂದ ಮೇಲೆ, ನಮ್ಮ ದೇಶದ ವಿಜ್ಞಾನಿಗಳ ಒಂದು ತಲೆಮಾರು ಈ ಭಾಷೆಯನ್ನು ಅಲ್ಲಿ ಕಲಿಯಿತು. ಅವರಿಗೆ ಪಾಠ ಹೇಳಿದವರಲ್ಲಿ ಒಬ್ಬರಾದ ಪ್ರೊಫೆಸರ್ ವಿ. ರಾಜಾರಾಮನ್ ೧೯೮೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

೧೯೫೮ರಲ್ಲಿ ಜೂರಿಚ್‌ನಲ್ಲಿ ನಾಲ್ವರು ಯೂರೋಪಿಯನ್ನರೂ ನಾಲ್ವರು ಅಮೆರಿಕನ್ನರೂ ಕಲೆತು, ಯಾವ ಯಂತ್ರಕ್ಕೂ ಕಟ್ಟುಬೀಳದ ಭಾಷೆಯೊಂದರ ನಕ್ಷೆಯನ್ನು ಸಿದ್ಧಪಡಿಸಿದರು. ೧೯೬೦ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಹದಿಮೂರು ಮಂದಿ ಸೇರಿ ಅದನ್ನು ‘ಆಲ್ಗಾಲ್ ೬೦’ ಎಂದು ತಿದ್ದಿದರು. ಇದರ ವ್ಯಾಕರಣವನ್ನು ಬ್ಯಾಕಸನು ಕಲ್ಪಿಸಿ ಪೀಟರ್ ನೌರ್ ತಿದ್ದಿದ ಒಂದು ಸಂಕೇತಪದ್ಧತಿಯಲ್ಲಿ, ಸಂದಿಗ್ಧವಿಲ್ಲದ ಸೂತ್ರಗಳಾಗಿ ಬರೆಯಲಾಯಿತು. ಸೂತ್ರಗಳಿಂದ ಭಾಷೆಯನ್ನು ಕಟ್ಟುವ ಕಲೆ ನಮ್ಮವರಿಗೆ ಹೊಸದಲ್ಲ. ಪಾಣಿನಿಯು ಸುಮಾರು ೪,೦೦೦ ಸೂತ್ರಗಳಲ್ಲಿ ಸಂಸ್ಕೃತವನ್ನು ಹಿಡಿದಿಟ್ಟನು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡಕ್ಕೆ ಸೂತ್ರಗಳನ್ನು ರಚಿಸಿದನು. ೧೯೬೭ರಲ್ಲಿ ಇಂಗರ್ಮನ್ ಎಂಬ ವಿದ್ವಾಂಸನು ಬ್ಯಾಕಸನ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದುದುಂಟು. ಪಾಣಿನಿಯೇ ಕಂಪ್ಯೂಟರನ್ನು ಕಂಡುಹಿಡಿದನೆಂದು ಇದರಿಂದ ಹೆಮ್ಮೆಪಡಬೇಕಾಗಿಲ್ಲ. ನಿಯಮಬದ್ಧವಾದ ವ್ಯಾಕರಣವಿದ್ದರೆ ಭಾಷೆಯನ್ನು ಯಾಂತ್ರಿಕವಾಗಿ ಬಿಡಿಸಬಹುದೆಂಬ ತತ್ತ್ವವು ಎರಡಕ್ಕೂ ಸಮಾನವೆಂದರೆ ಸಾಕು.

ಮಸ್ಕಿಯ ಹಾದಿ

ಇಷ್ಟಾಗುವಷ್ಟರಲ್ಲಿ ಹೊಸ ತೊಡಕೊಂದು ತಲೆದೋರಿತು. ಭಾಷೆಗಳು ಹೆಚ್ಚಿದವು, ಯಂತ್ರಗಳ ಮಾದರಿಗಳೂ ಹೆಚ್ಚಿದವು. ಪ್ರತಿಯೊಂದು ಭಾಷೆಯಿಂದ ಪ್ರತಿಯೊಂದು ಯಂತ್ರಕ್ಕೆ ಬೇರೆಬೇರೆ ಕಂಪೈಲರನ್ನು ಕಟ್ಟಬೇಕೆ?

ನಮ್ಮ ಸೀಮೆಯದೇ ದೃಷ್ಟಾಂತವನ್ನು ನೋಡೋಣ. ಸಿಂಧನೂರಿನ ಕಡೆ ನಾಲ್ಕು ಹಳ್ಳಿಗಳೂ ಲಿಂಗಸುಗೂರಿನ ಕಡೆ ಐದು ಹಳ್ಳಿಗಳೂ ಇವೆಯೆಂದು ಭಾವಿಸಿ. ಈ ಕಡೆಯ ಪ್ರತಿಯೊಂದು ಹಳ್ಳಿಯಿಂದ ಆ ಕಡೆಯ ಪ್ರತಿಯೊಂದು ಹಳ್ಳಿಗೆ ನೇರವಾದ ರಸ್ತೆ ಬೇಕೆಂದರೆ ೨೦ ರಸ್ತೆಗಳಾಗಬೇಕು. ಎಲ್ಲರೂ ಮಸ್ಕಿಗೆ ಬಂದು ಅಲ್ಲಿಂದ ಮುಂದೆ ಹೋಗುವುದಾದರೆ ೯ ರಸ್ತೆಗಳು ಸಾಕು. ಹತ್ತು ಹಳ್ಳಿಗಳಿಂದ ಹತ್ತು ಹಳ್ಳಿಗಳಿಗಾದರೆ ೧೦೦ರ ಬದಲು ೨೦. ಕೂಡುದಾರಿಯೊಂದಿದ್ದರೆ ಗುಣಾಕಾರವು ಸಂಕಲನವಾಗುತ್ತದೆ. ಹೊಸ ಹಳ್ಳಿಯೊಂದು ಹುಟ್ಟಿದರೆ ಮಸ್ಕಿಯವರೆಗೆ ಒಂದೇ ರಸ್ತೆಯನ್ನು ಹಾಕಿದರಾಯಿತು.

ಅಶೋಕನ ಆಡಳಿತಕ್ಕೂ ಇಂತಹ ನಡುವಣ ಠಾಣ್ಯವಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು, ಅರಸನ ಸಂದೇಶವು ಸುವರ್ಣಗಿರಿಯ ಅಧಿಕಾರಿಗಳ ಮೂಲಕ ಇಸಿಲವೆಂಬ ಊರಿನವರಿಗೆ ತಲುಪಿತೆಂದು ಹೇಳುತ್ತದೆ. ಅದರ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬರೆದು, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ ಕೊಟ್ಟಿದ್ದಾನೆ. ಎರಡು ಲಿಪಿಗಳ ನಡುವೆ ಓಡಾಡಬಲ್ಲ ದುಭಾಷಿ ಆತನು.

ಗಣಕವಿಜ್ಞಾನಿಗಳೂ ಇದೇ ಉಪಾಯವನ್ನು ಹಿಡಿದರು. ೧೯೫೮ರಲ್ಲಿ ಅಮೆರಿಕದ ಕಂಪ್ಯೂಟರ್ ಬಳಕೆದಾರರ ‘ಷೇರ್’ ಸಂಘದ ಸಮಿತಿಯೊಂದರ ಪರವಾಗಿ ಸ್ಟ್ರಾಂಗ್, ವೆಗ್‌ಸ್ಟೈನ್, ಸ್ಟೀಲ್ ಮೊದಲಾದವರು ‘ಅನ್‌ಕೋಲ್’ ಎಂಬ ಸಾರ್ವತ್ರಿಕ ಮಧ್ಯಭಾಷೆಯನ್ನು ಸೂಚಿಸಿದರು. ಎಲ್ಲ ಭಾಷೆಗಳಿಂದ ಅನ್‌ಕೋಲಿಗೆ ಒಂದೊಂದು ಭಾಷಾಂತರಕ. ಅನ್‌ಕೋಲಿನಿಂದ ಎಲ್ಲ ಯಂತ್ರಗಳಿಗೆ ಒಂದೊಂದು. ಸರ್ವಯಂತ್ರಗಳಿಗೂ ಸಲ್ಲುವ ಕಂಪೈಲರಿನ ಕನಸು ಇದೇ. ಕಂದಹಾರದ ದ್ವಿಭಾಷಾ ಶಾಸನವು ಬೆಳಕಿಗೆ ಬಂದುದೂ ಅದೇ ವರ್ಷ.

ಕೂಡುದಾರಿ ಏಕೆ ಸಾಗಲಿಲ್ಲ?

ಆದರೆ ಅನ್‌ಕೋಲ್ ಕಾಗದದ ಮೇಲೆಯೇ ಉಳಿಯಿತು. ೧೯೬೧ರಲ್ಲಿ ಸ್ಟೀಲ್ ಅದರ ಮೊದಲ ರೂಪವನ್ನು ಮಂಡಿಸಿದನು. ಸರ್ವರೂ ಒಪ್ಪಿ ಬಳಸುವಂತಹ ಅನ್‌ಕೋಲ್ ಎಂದೂ ಹುಟ್ಟಲಿಲ್ಲ. ಕಾರಣವನ್ನು ನಮ್ಮ ಹಾದಿಯ ದೃಷ್ಟಾಂತದಿಂದಲೇ ತಿಳಿಯಬಹುದು. ಬದು ಹಂಚಿಕೊಂಡ ಎರಡು ಹಳ್ಳಿಗಳ ನಡುವೆ ಹೋಗುವವನನ್ನೂ ಮಸ್ಕಿಯ ಮೂಲಕವೇ ಹೋಗೆಂದರೆ ಅದು ಸುತ್ತುದಾರಿ. ಅಂದಿನ ಕೆಲವು ಯಂತ್ರಗಳು ದಶಮಾನದಲ್ಲಿಯೂ ಕೆಲವು ದ್ವಿಮಾನದಲ್ಲಿಯೂ ಎಣಿಸುತ್ತಿದ್ದವು. ಒಂದರಲ್ಲಿ ಸಂಖ್ಯೆಯ ಉದ್ದವು ೩೬ ದ್ವಿಮಾನ ಅಂಕಗಳಾದರೆ, ಮತ್ತೊಂದರಲ್ಲಿ ಉದ್ದಕ್ಕೆ ಗೊತ್ತಾದ ಮಿತಿಯೇ ಇರಲಿಲ್ಲ. ಮಧ್ಯಭಾಷೆಯನ್ನು ಯಂತ್ರಕ್ಕೆ ಸಮೀಪವಾಗಿಟ್ಟರೆ ಬೇರೆ ಯಂತ್ರಗಳಿಗೆ ಅದು ಒಗ್ಗದು. ಮನುಷ್ಯನ ಭಾಷೆಗೆ ಸಮೀಪವಾಗಿಟ್ಟರೆ ಎಲ್ಲ ಭಾಷೆಗಳ ಎಲ್ಲ ವೈಚಿತ್ರ್ಯಗಳನ್ನೂ ಅದು ಹೊರಬೇಕು. ಎಲ್ಲರಿಗೂ ಸಲ್ಲುವಂತೆ ಸವೆಸಿದ ಭಾಷೆಯಲ್ಲಿ ಯಾರ ಗುಣವೂ ಉಳಿಯುವುದಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಮತ್ತೊಂದು ಹಾದಿಯನ್ನು ಹುಡುಕಿದರು. ಒಂದೇ ಮಧ್ಯಭಾಷೆಯ ಬದಲು, ಕಂಪೈಲರುಗಳನ್ನು ಹುಟ್ಟಿಸುವ ಕಂಪೈಲರ್ ಒಂದಿದ್ದರೆ? ಭಾಷೆಯ ವ್ಯಾಕರಣವನ್ನು ಒದಗಿಸಿದರೆ ಅದು ಆ ಭಾಷೆಯ ದುಭಾಷಿಯನ್ನು ತಾನೇ ರಚಿಸಿಕೊಡಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬ್ರೂಕರ್ ಮತ್ತು ಮಾರಿಸ್ ೧೯೬೦ರ ಆಚೀಚೆ ಇಂತಹುದನ್ನು ‘ಅಟ್ಲಾಸ್’ ಯಂತ್ರಕ್ಕಾಗಿ ಕಟ್ಟಿದರು. ೧೯೬೫ರಲ್ಲಿ ಡೊನಾಲ್ಡ್ ನೂತ್, ವಾಕ್ಯವನ್ನು ಎಡದಿಂದ ಬಲಕ್ಕೆ ಒಮ್ಮೆ ಓದುತ್ತಲೇ ತಪ್ಪಿಲ್ಲದೆ ಬಿಡಿಸಬಹುದಾದ ವ್ಯಾಕರಣಗಳಾವುವೆಂದು ಗಣಿತದಿಂದ ತೋರಿಸಿಕೊಟ್ಟನು. ಇದರಿಂದ ಕಂಪೈಲರಿನ ಮೊದಲರ್ಧವು ಕುಶಲಿಗಳ ಕೈಚಳಕವಾಗಿದ್ದುದು ಶಾಸ್ತ್ರವಾಯಿತು. ಯಂತ್ರದ ಕಡೆಯ ಉತ್ತರಾರ್ಧವು ಮಾತ್ರ ಕಗ್ಗಂಟಾಗಿಯೇ ಉಳಿಯಿತು.

ಬೆಂಗಳೂರಿನ ಪಾಲು

ಈ ಕಗ್ಗಂಟನ್ನು ಬಿಡಿಸುವ ಕಾರ್ಯದಲ್ಲಿ ನಮ್ಮ ನಾಡಿನ ಸಂಸ್ಥೆಯೊಂದರ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೀತಿ ಶಂಕರ್ ಅವರೂ ಅವರ ಸಂಗಡಿಗರೂ ೨೦೦೦ದಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ನೂತನ ವಿಧಾನದ ಜಾಡನ್ನೇ ಹಿಡಿದು ಯಂತ್ರದ ಆದೇಶಗಳನ್ನೂ ಒಂದು ವ್ಯಾಕರಣವೆಂದು ಭಾವಿಸಿದರು. ಆ ವ್ಯಾಕರಣದ ಬಲದಿಂದ ಅತ್ಯಂತ ಕಡಿಮೆ ವೆಚ್ಚದ ಆದೇಶಗಳನ್ನು ಆರಿಸುವ ಮಾರ್ಗವನ್ನು ತೋರಿಸಿದರು. ಅದೇ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಅವರೊಡಗೂಡಿ ಅವರು ಸಂಪಾದಿಸಿದ ಕಂಪೈಲರ್ ರಚನೆಯ ಕೈಪಿಡಿಯು ಎರಡು ಆವೃತ್ತಿಗಳನ್ನು ಕಂಡಿದೆ. ಪ್ರೀತಿ ಶಂಕರ್ ೨೦೧೧ರಲ್ಲಿ ತೀರಿಕೊಂಡರು.

ಅತ್ತ ಮಧ್ಯಭಾಷೆಯ ಕನಸೂ ಸಾಯಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಂ ಆಡ್ವೆ ೨೦೦೦ದಲ್ಲಿ ಆರಂಭಿಸಿದ ‘ಎಲ್.ಎಲ್.ವಿ.ಎಂ.’ ಎಂಬ ಏರ್ಪಾಡಿನ ಮಧ್ಯಭಾಷೆಯು ಇಂದು ಹಲವು ಭಾಷೆಗಳಿಗೂ ಹಲವು ಯಂತ್ರಗಳಿಗೂ ಕೂಡುದಾರಿಯಾಗಿದೆ. ಅನ್‌ಕೋಲಿಗೆ ದಕ್ಕದ ಯಶಸ್ಸು ಇದಕ್ಕೆ ದಕ್ಕಿತೇಕೆ? ಒಂದು ಕಾರಣವೆಂದರೆ ಈ ನಡುವೆ ಯಂತ್ರಗಳೇ ಒಂದಕ್ಕೊಂದು ಹತ್ತಿರವಾಗಿದ್ದವು. ಎಂಟೆಂಟು ದ್ವಿಮಾನ ಅಂಕಗಳ ಕಂತೆಗಳಲ್ಲಿ ಎಣಿಸುವುದು ಎಲ್ಲ ಕಡೆಯೂ ರೂಢಿಯಾಗಿತ್ತು.

ಕೃತಕ ಬುದ್ಧಿಮತ್ತೆಗಾಗಿ ವಿಚಿತ್ರ ಮಾದರಿಯ ಹೊಸ ಯಂತ್ರಗಳು ಹುಟ್ಟತೊಡಗಿದಾಗ ಹಳೆಯ ತೊಡಕು ಮತ್ತೆ ಎದ್ದಿತು. ಆಗ ಬಂದ ಉತ್ತರವೇ ‘ಎಂ.ಎಲ್.ಐ.ಆರ್.’ ಇದನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಲೇಖನದ ಕರ್ತೃಗಳಲ್ಲಿ ಲ್ಯಾಟ್ನರನೊಡನೆ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ ಬೊಂಡುಗುಲ ಅವರೂ ಒಬ್ಬರು. ಇದರ ಮರ್ಮವು ರಾಯಚೂರು ಸೀಮೆಯವರಾದ ನಮಗೆ ಬಹಳ ಹಿಡಿಸಿತು. ಇಲ್ಲಿ ಎಲ್ಲರ ಮೇಲೆ ಹೇರುವ ಒಂದೇ ಮಧ್ಯಭಾಷೆ ಇಲ್ಲ. ಬೇರೆಬೇರೆ ಮಟ್ಟಕ್ಕೆ ಬೇರೆಬೇರೆ ಮಧ್ಯಭಾಷೆಗಳಿವೆ. ಅವನ್ನು ‘ಉಪಭಾಷೆ’ಗಳೆಂದೇ ಕರೆಯುತ್ತಾರೆ. ಎಲ್ಲವುಗಳ ಕೆಳಗೆ ಇರುವುದು ಸಾಮಾನ್ಯವಾದ ಒಂದು ವಾಕ್ಯಕ್ರಮ ಮಾತ್ರ. ಗಣಿತದ ಮಟ್ಟದ ಉಪಭಾಷೆಯಿಂದ ಯಂತ್ರದ ಮಟ್ಟದ ಉಪಭಾಷೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಅಲ್ಲಿಗೆ ಬೇಕಾದ ವಿವರವು ನಷ್ಟವಾಗದೆ ಉಳಿಯುತ್ತದೆ. ಮೈಸೂರಿನ ಕನ್ನಡವೂ ಲಿಂಗಸುಗೂರಿನ ಕನ್ನಡವೂ ತಮ್ಮ ತಮ್ಮ ಸೊಗಸನ್ನು ಬಿಡದೆ ಒಂದೇ ವ್ಯಾಕರಣದ ನೆರಳಿನಲ್ಲಿ ಬಾಳುವಂತೆ ಇದು. ಸಾರ್ವತ್ರಿಕತೆಯೆಂದರೆ ಎಲ್ಲರಿಗೂ ಒಂದೇ ಮಾತಲ್ಲ, ಮಾತುಗಳ ನಡುವೆ ನಷ್ಟವಿಲ್ಲದ ಹಾದಿ ಎಂಬುದನ್ನು ಕಲಿಯಲು ವಿಜ್ಞಾನಿಗಳಿಗೆ ಅರವತ್ತು ವರ್ಷಗಳು ಹಿಡಿದವು.

ವಿದ್ಯಾರ್ಥಿಗೆ ಉತ್ತರ

ಇನ್ನು ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಕ್ರಮವಿಧಿಗಳಲ್ಲಿ ಇಂಗ್ಲಿಷ್ ಪದಗಳೇ ಏಕೆ? ಯಂತ್ರಕ್ಕೆ ಅವು ಬೇಕೆಂದಲ್ಲ. ಮೊದಲು ಬರೆದವರಿಗೆ ಅವು ಬೇಕಾಗಿದ್ದವು. ೧೯೫೦ರ ದಶಕದಲ್ಲಿ ಗ್ರೇಸ್ ಹಾಪರ್ ತನ್ನ ಮೇಲಧಿಕಾರಿಗಳಿಗೆ ಒಂದೇ ಕ್ರಮವಿಧಿಯನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್ ಪದಗಳಲ್ಲಿ ಬರೆದು ತೋರಿಸಿದಳು. ಯಂತ್ರಕ್ಕೆ ಮೂರೂ ಒಂದೇ. ಆದರೆ ಅಧಿಕಾರಿಗಳು ಬೆಚ್ಚಿಬಿದ್ದರು. ಅಮೆರಿಕದಲ್ಲಿ ಕಟ್ಟಿದ ಯಂತ್ರವು ಪರಭಾಷೆಯನ್ನು ತಿಳಿಯುವುದೆಂತು ಎಂದು ಅವರ ವಾದ! ಇಂಗ್ಲಿಷನ್ನು ಮಾತ್ರ ಬಳಸುವೆವೆಂದು ಅವರನ್ನು ಒಪ್ಪಿಸಲು ಹಾಪರಳಿಗೆ ತಿಂಗಳುಗಳೇ ಹಿಡಿದವಂತೆ. ಮುಂದೆ ‘ಆಲ್ಗಾಲ್ ೬೮’ ಭಾಷೆಯ ಪದಗಳನ್ನು ರಷ್ಯನ್, ಜರ್ಮನ್ ಮೊದಲಾದ ಭಾಷೆಗಳಿಗೆ ತಿರುಗಿಸಿಕೊಂಡುದೂ ಉಂಟು.

ಮಸ್ಕಿಯಿಂದ ಹಿಂದಿರುಗಿದ ಮರುದಿನ ನಾವು ಆ ಹುಡುಗನನ್ನು ಪ್ರಯೋಗಶಾಲೆಗೆ ಕರೆದು ಕಂಪ್ಯೂಟರಿನ ಮುಂದೆ ಕುಳ್ಳಿರಿಸಿದೆವು. ೨೦೦೮ರಲ್ಲಿ ಹೊರಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು ಚರರಾಶಿಗಳಿಗೆ ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಮೇಲೆ ಕೊಟ್ಟ ಸೂತ್ರವನ್ನೇ ‘ದೂರ’, ‘ಆರಂಭವೇಗ’, ‘ವೇಗೋತ್ಕರ್ಷ’, ‘ಕಾಲ’ ಎಂಬ ಕನ್ನಡ ಪದಗಳಲ್ಲಿ ಆತನು ಬೆರಳಚ್ಚು ಮಾಡಿದನು. ಕನ್ನಡದ ಅಂಕಿಯನ್ನು ಹಾಕಿದಾಗ ಯಂತ್ರವು ತಪ್ಪೆಂದಿತು. ಅಂತರರಾಷ್ಟ್ರೀಯ ಅಂಕಿಯನ್ನು ಹಾಕಿದೊಡನೆ ೪೫ ಎಂಬ ಉತ್ತರ ಬಂದಿತು. ಹುಡುಗನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದನು. ಬಳಿಕ ನಾವು ಹೇಳದೆಯೇ ಕಾಲವನ್ನು ೧೦ಕ್ಕೆ ಬದಲಿಸಿದನು. ೧೪೦ ಬಂದಿತು. ಕಾಗದದ ಮೇಲೆ ಲೆಕ್ಕ ಮಾಡಿ ಸರಿಯೆಂದು ಕಂಡುಕೊಂಡನು.

ಇದರಿಂದ ಎಲ್ಲವೂ ಸುಗಮವಾಯಿತೆಂದು ನಾವು ಹೇಳುವುದಿಲ್ಲ. ಆ ಭಾಷೆಯ ಆಧಾರಪದಗಳು ಇಂಗ್ಲಿಷಿನವೇ. ತಪ್ಪಾದಾಗ ಯಂತ್ರವು ಗದರಿಸುವುದೂ ಇಂಗ್ಲಿಷಿನಲ್ಲಿಯೇ. ಒಳ್ಳೆಯ ಗ್ರಂಥಗಳಲ್ಲಿ ಬಹುಪಾಲು ಆ ಭಾಷೆಯಲ್ಲಿಯೇ ಇವೆ. ಆದುದರಿಂದ ಇಂಗ್ಲಿಷನ್ನು ಕಲಿಯಲೇಬೇಕೆಂದು ಆತನಿಗೆ ತಿಳಿಸಿದೆವು. ಆದರೆ ಅದು ಗ್ರಂಥಾಲಯದ ಬಾಗಿಲಿನ ಬೀಗವೇ ಹೊರತು ಯಂತ್ರದ ಬೀಗವಲ್ಲ. ಬುದ್ಧಿಯ ಅಳತೆಗೋಲಂತೂ ಅಲ್ಲವೇ ಅಲ್ಲ. ಯಂತ್ರವು ಕೇಳುವುದು ತಪ್ಪಿಲ್ಲದ ವ್ಯಾಕರಣವನ್ನು, ಕ್ರಮವಾದ ಆಲೋಚನೆಯನ್ನು. ಇವೆರಡನ್ನೂ ಕನ್ನಡದಲ್ಲಿ ಕಲಿತವನು ಅರ್ಧ ಹಾದಿಯನ್ನು ನಡೆದಿದ್ದಾನೆ. ಉಳಿದರ್ಧಕ್ಕೆ ದುಭಾಷಿ ಇದ್ದಾನೆ.

ಹುಡುಗನು ಗಣಕವಿಜ್ಞಾನವನ್ನು ಬಿಡಲಿಲ್ಲ.